ಅಧಿಕಾರಕ್ಕೆ ಅಧೀನತೆ ಎಲ್ಲಿಯವರೆಗೆ?

ಪ್ರಶ್ನೆ: ನಮ್ಮ ಸಭೆಯ ಬೈಬಲ್ ಅಧ್ಯಯನದಲ್ಲಿ ರೋಮಾಪುರದವರಿಗೆ ಬರೆದ ಪತ್ರದ 13ನೆಯ ಅಧ್ಯಾಯ ಓದುವಾಗ ವಾದವೇ ನಡೆಯಿತು. ಇರುವ ಅಧಿಕಾರವೆಲ್ಲ ದೇವರಿಂದಲೇ ನೇಮಕವಾದದ್ದು, ಸರ್ಕಾರಕ್ಕೆ ಎದುರಾಡಬಾರದು ಎಂದು ಹಿರಿಯರು; ಅನ್ಯಾಯ ಕಂಡೂ ಸುಮ್ಮನಿರುವುದು ಪಾಪವೆಂದು ಯುವಕರು. ಯಾರ ಮಾತು ಸರಿ?
– ಓದುಗರೊಬ್ಬರು, ಕ್ಯಾಂಪ್, ಬೆಳಗಾವಿ

ಉತ್ತರ: ಹಿರಿಯರ ಮಾತಿಗೆ 16ನೆಯ ಶತಮಾನದ ಜರ್ಮನ್ ಮತಸುಧಾರಕ ಮಾರ್ಟಿನ್ ಲೂಥರನ ಆಧಾರ ಕೊಡುವುದು ರೂಢಿ. ಆದರೆ ದೇವರು ಲೋಕವನ್ನು ಸುವಾರ್ತೆಯಿಂದಲೂ ಖಡ್ಗದಿಂದಲೂ, ಅಂದರೆ ರಾಜ್ಯಾಧಿಕಾರದಿಂದಲೂ, ಎರಡು ಬಗೆಯಲ್ಲಿ ಆಳುತ್ತಾನೆಂದು ಲೂಥರ್ 1523ರಲ್ಲಿ ಬರೆದಾಗ, ಅವನು ಜರ್ಮನ್ ಭಾಷೆಗೆ ತಂದ ಹೊಸ ಒಡಂಬಡಿಕೆಯ ಪ್ರತಿಗಳನ್ನು ಒಪ್ಪಿಸಬೇಕೆಂದು ಕೆಲವು ಅರಸರು ಆಜ್ಞೆ ಹೊರಡಿಸಿದ್ದರು ಎಂಬುದನ್ನು ಮರೆಯಬಾರದು. ಅರಸನ ಅಧಿಕಾರ ದೇಹಕ್ಕೆ ಮತ್ತು ಆಸ್ತಿಗೆ ಸಲ್ಲುತ್ತದೆ, ಆತ್ಮಕ್ಕಲ್ಲ. ಆದ್ದರಿಂದ ಒಂದು ಹಾಳೆಯನ್ನೂ ಒಪ್ಪಿಸಬೇಡಿ, ಮನೆಗೆ ನುಗ್ಗಿ ಒಯ್ದರೆ ಸಹಿಸಿಕೊಳ್ಳಿ ಎಂಬುದು ಅವನ ಸಲಹೆಯಾಗಿತ್ತು. ಅದೇ ಲೂಥರ್ 1525ರಲ್ಲಿ ದಂಗೆಯೆದ್ದ ರೈತರನ್ನು ಕೊಲ್ಲುವಂತೆ ಅರಸರಿಗೆ ಕರೆ ಕೊಟ್ಟದ್ದು ನನಗೆ ಇಂದಿಗೂ ನೋವಿನ ಸಂಗತಿ. ಆತ್ಮಕ್ಕಷ್ಟೇ ಬೇಲಿ ಹಾಕಿದ್ದರಿಂದ ರೈತನ ಬೆನ್ನಿಗೆ ಕಾವಲಿಲ್ಲದಂತಾಯಿತು.

1527ರಲ್ಲಿ ಶ್ಲೈಟ್‌ಹೈಮ್‌ನಲ್ಲಿ ಸೇರಿದ ಅನಾಬ್ಯಾಪ್ಟಿಸ್ಟರು (ನಂಬಿಕೆಯನ್ನು ತಾವೇ ಅರಿಕೆ ಮಾಡಿದ ವಯಸ್ಕರಿಗೆ ಮಾತ್ರ ದೀಕ್ಷಾಸ್ನಾನ ಎನ್ನುವ ಪಂಥದವರು) ಖಡ್ಗ ದೇವರ ನೇಮಕವೇ ಹೌದಾದರೂ ಕ್ರಿಸ್ತನ ಶಿಷ್ಯರು ಅದನ್ನು ಹಿಡಿಯಬಾರದು, ಅಧಿಕಾರಿಗಳೂ ಆಗಬಾರದು ಎಂದರು. ನಿಮ್ಮ ಯುವಕರು ಪೆರು ದೇಶದ ಗುಸ್ತಾವೊ ಗುಟಿಯೆರೆಸ್ 1971ರಲ್ಲಿ ಮಂಡಿಸಿದ ವಿಮೋಚನಾ ದೈವಶಾಸ್ತ್ರಕ್ಕೆ ಹತ್ತಿರವಿದ್ದಾರೆ: ಬಡವರ ಪಕ್ಷ ವಹಿಸದ ಸಭೆಯನ್ನು ತಟಸ್ಥವೆನ್ನಲು ಬರುವುದಿಲ್ಲ.

ನನ್ನ ಮನಸ್ಸು ಒಲಿಯುವುದು ಹಿಟ್ಲರನ ಆಳ್ವಿಕೆಯಲ್ಲಿ, 1934ರ ಮೇ ತಿಂಗಳಲ್ಲಿ, ಜರ್ಮನಿಯ ಪ್ರೊಟೆಸ್ಟೆಂಟರು ಹೊರಡಿಸಿದ ಬಾರ್ಮೆನ್ ಘೋಷಣೆಯ ಕಡೆಗೆ. ಅದನ್ನು ಮುಖ್ಯವಾಗಿ ಬರೆದವರು ಸ್ವಿಸ್ ದೈವಶಾಸ್ತ್ರಜ್ಞ ಕಾರ್ಲ್ ಬಾರ್ತ್. ನ್ಯಾಯವನ್ನೂ ಶಾಂತಿಯನ್ನೂ ಕಾಯುವುದು ರಾಜ್ಯಕ್ಕೆ ದೇವರು ಕೊಟ್ಟ ಹೊಣೆ, ಆದರೆ ಮನುಷ್ಯನ ಬದುಕನ್ನೆಲ್ಲ ತನ್ನೊಳಗೆ ಸೇರಿಸಿಕೊಳ್ಳುವ ಏಕೈಕ ವ್ಯವಸ್ಥೆ ತಾನಾಗಲು ಅದಕ್ಕೆ ಹಕ್ಕಿಲ್ಲ ಎಂದು ಅದರ 5ನೆಯ ಅಂಶ ಸಾರುತ್ತದೆ. ಬಿಜ್ಜಳನ ಭಂಡಾರ ನೋಡಿಕೊಂಡೂ ಅವನಿಗೆ ಅಂಜದೆ, ಕೊನೆಗೆ ಕೂಡಲಸಂಗಮದಲ್ಲಿ ಐಕ್ಯರಾದ ಬಸವಣ್ಣನವರನ್ನು ಬಲ್ಲ ನಮ್ಮ ಸೀಮೆಯವರಿಗೆ ಇದು ತೀರ ಹೊಸ ಮಾತೇನಲ್ಲ.

ಆ ಅಂಶದ ತಲೆಯಲ್ಲಿರುವುದು ಪೇತ್ರನ ಮೊದಲನೆಯ ಪತ್ರದ ವಚನ (2:17). ಅಲ್ಲಿ ಭಯ ದೇವರೊಬ್ಬನಿಗೆ ಮೀಸಲು. ಅರಸನಿಗೆ ಸನ್ಮಾನ ಮಾತ್ರ; ಅದೂ ಅದೇ ವಚನ ಎಲ್ಲ ಮನುಷ್ಯರಿಗೂ ಸಲ್ಲಿಸಿರೆಂದು ಹೇಳುವ ಸನ್ಮಾನವೇ. ಮುಂದಿನ ಅಧ್ಯಯನದಲ್ಲಿ ಇದನ್ನು ರೋಮಾಪುರದ ಪತ್ರದ ಪಕ್ಕದಲ್ಲಿಟ್ಟು, ಅಲ್ಲಿ ಪೌಲನು ಅಧಿಕಾರಿಯನ್ನು ‘ದೇವರ ಸೇವಕ’ನೆಂದು ಕರೆಯುವ 4ನೆಯ ವಚನದಲ್ಲಿ ನಿಂತು, ಹಿರಿಯರೂ ಯುವಕರೂ ಕೂಡಿಯೇ ಓದಿರಿ.