ಪ್ರತಿಕ್ರಿಯೆ: ಮಲ್ಲಿಗೆ ಪೋಸ್ಟಿಗೆ ಹ್ಯಾಶ್‌ಟ್ಯಾಗ್ ಹಾಕಿದರೂ ಯಾರಿಗೂ ಕಾಣ್ತಿಲ್ಲ

ಅಮ್ಮ ಕಟ್ಟುವ ಮಲ್ಲಿಗೆಯ ಫೋಟೊ ಇನ್‌ಸ್ಟಾಗ್ರಾಮ್‌ಗೆ ಹಾಕಿ, ಕೆಳಗೆ "#ಶಂಕರಪುರ ಮಲ್ಲಿಗೆ" ಅಂತ ಬರೆದು, @ ಹಾಕಿ ಇಂಗ್ಲಿಷಿನಲ್ಲಿ ಉಡುಪಿ ಅಂತಲೂ ಸೇರಿಸಿದ್ದೀರಿ. ಆದರೂ ಹೊಸಬರು ಯಾರೂ ನೋಡ್ತಿಲ್ಲ ಯಾಕೆ ಅಂತ ಕೇಳಿದ್ದೀರಿ.

ಮೊದಲು ಅಕೌಂಟ್ ಪಬ್ಲಿಕ್ ಇದೆಯಾ ನೋಡಿ. ಪ್ರೈವೇಟ್ ಇದ್ದರೆ ಎಷ್ಟು ಟ್ಯಾಗ್ ಹಾಕಿದರೂ ಫಾಲೋವರ್‌ಗಳಿಗೆ ಬಿಟ್ಟು ಬೇರೆಯವರಿಗೆ ಕಾಣುವುದಿಲ್ಲ.

ಆಮೇಲೆ ಆ ಸ್ಪೇಸ್. ನಿಮ್ಮ ಪೋಸ್ಟನ್ನೇ ತೆರೆದು ನೋಡಿ, "ಶಂಕರಪುರ" ಮಾತ್ರ ಲಿಂಕ್ ಆಗಿರುತ್ತದೆ, "ಮಲ್ಲಿಗೆ" ಮಾಮೂಲಿ ಅಕ್ಷರವಾಗಿಯೇ ಉಳಿದಿರುತ್ತದೆ. ಸ್ಪೇಸ್ ಬಂದಲ್ಲಿಗೆ ಟ್ಯಾಗ್ ಮುಗಿಯಿತು. ಹೈಫನ್ ಹಾಕಿದರೂ ಹಾಗೆಯೇ, ಅಂಡರ್‌ಸ್ಕೋರ್ (_) ಹಾಕಿದರೆ ತೊಂದರೆಯಿಲ್ಲ. #ಶಂಕರಪುರಮಲ್ಲಿಗೆ ಅಂತ ಕೂಡಿಸಿ ಬರೆಯಿರಿ. ಇಂಗ್ಲಿಷ್ ಅಕ್ಷರದಲ್ಲೂ ಒಂದು ಹಾಕಿ, ಮುಂಬೈಯಲ್ಲಿರುವ ನಮ್ಮೂರಿನವರಿಗೆ ಅನುಕೂಲ. #ಉಡುಪಿಮಲ್ಲಿಗೆ ಕೂಡ ಇರಲಿ, ಈ ಹೂವಿಗೆ ಜಿಐ ಮಾನ್ಯತೆ (ಊರಿನ ವಿಶೇಷ ಉತ್ಪನ್ನಕ್ಕೆ ಸಿಗುವ ಅಧಿಕೃತ ಗುರುತು) ಇರುವುದು ಆ ಹೆಸರಿಗೇ. #ಲವ್, #ಇಂಡಿಯಾ ಥರದ್ದೆಲ್ಲ ಬೇಡ ಮಾರಾಯ್ರೆ, ಆ ರಾಶಿಯಲ್ಲಿ ನಿಮ್ಮ ಹೂ ಯಾರ ಕಣ್ಣಿಗೆ ಬೀಳಬೇಕು?

@ ಊರಿಗಲ್ಲ, ಖಾತೆಗೆ. ಆ ಯೂಸರ್‌ನೇಮ್ ಯಾರದ್ದೋ ಅವರಿಗೆ ನೋಟಿಫಿಕೇಶನ್ ಹೋಗುತ್ತದೆ, ಅಷ್ಟೆ. ಊರು ತೋರಿಸಲು ಲೊಕೇಶನ್ ಸೇರಿಸಿ. ನಿಮ್ಮ ಹೂ ಮುಡಿದ ಮದುಮಗಳ ಫೋಟೊ ಸಿಕ್ಕಿದರೆ ಅವರನ್ನು ಕೇಳಿಯೇ ಸ್ಟೋರಿಗೆ ಹಾಕಿ, ಮೆನ್ಶನ್ ಮಾಡಿ. ಅವರು ಅದನ್ನು ತಮ್ಮ ಸ್ಟೋರಿಗೂ ಸೇರಿಸಿಕೊಳ್ಳಬಹುದು. ಹೆಸರು ಮಾತ್ರ @ ಒತ್ತಿದಾಗ ಬರುವ ಪಟ್ಟಿಯಿಂದಲೇ ಆರಿಸಿ, ಒಂದಕ್ಷರ ತಪ್ಪಿದರೆ ಇನ್ಯಾರಿಗೋ ಹೋದೀತು.

ಇನ್ನೊಂದು, ದರ ಹಾಕುವಾಗ ಅದು ಚೆಂಡಿಗೋ ಅಟ್ಟೆಗೋ ಅಂತ ಬರೆಯಿರಿ, ಎರಡೂ ನಮ್ಮ ಕಡೆ ಕಟ್ಟಿದ ಮಲ್ಲಿಗೆಯ ಅಳತೆಗಳು. 4 ಚೆಂಡಿಗೆ 1 ಅಟ್ಟೆ ಅಂತ ಘಟ್ಟದ ಮೇಲಿನವರಿಗೆ ಗೊತ್ತಿರುವುದಿಲ್ಲ.