ಆ ಒಂದು ಸಾಲು ಬೆಳೆಸಿ ಬರೆಯಿರಿ

ಮದ್ದೂರಿನ ಗೆಳೆಯರಿಗೆ ನಮಸ್ಕಾರ.

ವಾಯುನೌಕೆ, ವಿಮಾನ ಕಟ್ಟಿ ತಾನೇ ಹಾರಿಸಿದ ಬ್ರೆಜಿಲ್‌ನ ಆಲ್ಬರ್ಟೊ ಸ್ಯಾಂಟೋಸ್ ಡುಮಾಂಟ್ ಬಗ್ಗೆ ನೀವು ಕಳಿಸಿದ 'ಆಕಾಶದ ಹುಚ್ಚು ಸಾಹುಕಾರ' ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅದನ್ನು ನಮ್ಮ ಪತ್ರಿಕೆಗೆ ತೆಗೆದುಕೊಳ್ಳಲು ಆಗುವುದಿಲ್ಲ. ಆದರೆ ಬಿಟ್ಟುಕೊಡುವುದಕ್ಕೂ ಮನಸ್ಸಿಲ್ಲ. ಹಾಗಾಗಿ ಈ ಕಾಗದ ಸ್ವಲ್ಪ ಉದ್ದವಾಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲ ಎರಡು ಪುಟ ತೆಗೆದುಬಿಡಿ. 'ಅಪ್ರತಿಮ ಸಾಹಸಿ', 'ಕೊಡುಗೈ ದಾನಿ', 'ವಿಚಿತ್ರ ವ್ಯಕ್ತಿ' ಅಂತ ಒಂದೇ ಪುಟದಲ್ಲಿ ಹನ್ನೊಂದು ಕಡೆ ಹೊಗಳಿದ್ದೀರಿ. ಅಷ್ಟಾದರೂ ಆ ಮನುಷ್ಯ ನನ್ನ ಕಣ್ಣಿಗೆ ಬೀಳಲಿಲ್ಲ. ಬಿದ್ದದ್ದು ಏಳನೇ ಪುಟದಲ್ಲಿ, ಒಂದೇ ಒಂದು ಸಾಲಿನಲ್ಲಿ: 'ಬಹುಮಾನದ ಹಣದಿಂದ ಬಡ ಕೆಲಸಗಾರರ ಗಿರವಿ ಸಾಮಾನು ಬಿಡಿಸಿಕೊಟ್ಟರು.' ಅಷ್ಟು ಹೇಳಿ ಕೈಗಡಿಯಾರದ ಕಥೆಗೆ ಹೋಗಿಬಿಟ್ಟಿರಿ.

ಅಲ್ಲೇ ನಿಲ್ಲಬೇಕಿತ್ತು ನೀವು. 1901ರ ಅಕ್ಟೋಬರ್ 19. ಪ್ಯಾರಿಸ್ ಪಕ್ಕದ ಸೇಂಟ್ ಕ್ಲೂನಿಂದ ಹಾರಿ, ಐಫೆಲ್ ಗೋಪುರ ಸುತ್ತಿ, 30 ನಿಮಿಷದೊಳಗೆ ವಾಪಸ್ ಬರಬೇಕು. ಗೆದ್ದವರಿಗೆ 1 ಲಕ್ಷ ಫ್ರಾಂಕ್. ಆತನ ಆರನೇ ನಂಬರಿನ ವಾಯುನೌಕೆ, ಅಂದರೆ ಎಂಜಿನ್ ಕಟ್ಟಿದ ಉದ್ದನೆಯ ಬಲೂನು, ಹೊರಟ ಜಾಗದ ಮೇಲೆ ಬಂದಾಗ ಇನ್ನೂ ಅರ್ಧ ನಿಮಿಷ ಬಾಕಿಯಿತ್ತು. ಕೆಳಗಿನವರು ಹಗ್ಗ ಹಿಡಿದುಕೊಳ್ಳುವಷ್ಟರಲ್ಲಿ ಹೊತ್ತು ಮೀರಿತು. ಬಹುಮಾನ ಕೊಡಬೇಕೋ ಬೇಡವೋ ಅಂತ ಸಮಿತಿಯಲ್ಲಿ ಜಗಳ, ಬೀದಿಯಲ್ಲಿ ಜನರೆಲ್ಲ ಆತನ ಪರ. ಕೊನೆಗೆ ಹಣ ಕೈಗೆ ಬಂತು. ಆತ ತಾನು ಇಟ್ಟುಕೊಳ್ಳಲಿಲ್ಲ. ಒಂದು ಪಾಲು ಜೊತೆಯಲ್ಲಿ ದುಡಿದವರಿಗೆ, ಉಳಿದದ್ದು ಪ್ಯಾರಿಸಿನ ಬಡವರಿಗೆ. ಕೆಲಸವಿಲ್ಲದೆ ಸಾಮಾನು ಅಡವಿಟ್ಟವರಿಗೆ ಅದನ್ನು ಬಿಡಿಸಿಕೊಡಿ ಅಂದ.

ಇದು ಯಾಕೆ ನನ್ನನ್ನು ಹಿಡಿದು ನಿಲ್ಲಿಸಿತು ಅಂತ ಹೇಳುತ್ತೇನೆ. ನಾನು ಹುಡುಗನಾಗಿದ್ದಾಗ ಪಾಂಡವಪುರದ ಕಡೆ ನಮ್ಮೂರಲ್ಲಿ ಒಬ್ಬರು ಬಡಗಿ ಇದ್ದರು. ಒಂದು ವರ್ಷ ಮಳೆ ಕೈಕೊಟ್ಟಿತು, ಯಾರೂ ನೇಗಿಲು ಮಾಡಿಸಲಿಲ್ಲ. ಆಯುಧಪೂಜೆ ದಿನ ಅವರ ಮನೆಗೆ ಚರ್ಪು ತರಲು ಹೋದೆ. ಮಣೆ ತೊಳೆದು ರಂಗೋಲಿ ಹಾಕಿದ್ದರು. ಮಣೆಯ ಮೇಲೆ ಇದ್ದದ್ದು ಅಳತೆ ಕಡ್ಡಿ ಒಂದೇ. ಬಾಚಿ, ಉಳಿ, ಗರಗಸ ಎಲ್ಲ ಗಿರವಿ ಅಂಗಡಿಯಲ್ಲಿದ್ದವು. ಅವರು ಆ ಕಡ್ಡಿಗೇ ಅರಿಶಿನ ಕುಂಕುಮ ಇಟ್ಟು, ಹೂ ಮುಡಿಸಿ, ಕೈ ಮುಗಿದರು. ಒಡವೆ ಅಡವಿಟ್ಟರೆ ಮರ್ಯಾದೆ ಹೋಗುತ್ತದೆ, ಆದರೆ ಬಾಚಿ ಅಡವಿಟ್ಟರೆ ನಾಳೆಯ ಕೂಲಿಯೇ ಹೋಗುತ್ತದೆ. ಕಬ್ಬಿನ ಬಾಕಿ ಬಾರದೆ ಓಲೆ ಅಡವಿಟ್ಟ ಮನೆಗಳನ್ನು ಮಂಡ್ಯ ಸೀಮೆಯವರಾದ ನೀವೂ ನೋಡಿರುತ್ತೀರಿ, ಅಲ್ವಾ? ನಿಮ್ಮ ಓದುಗರೂ ನೋಡಿದ್ದಾರೆ. ಲೇಖನ ಇಲ್ಲಿಂದ ಶುರುವಾಗಲಿ.

ಇನ್ನು ಆತನ 'ಹುಚ್ಚಾಟ'. ಮನೆಯಲ್ಲಿ ಏಣಿ ಹತ್ತಿ ಕೂರುವಷ್ಟು ಎತ್ತರದ ಊಟದ ಮೇಜು, ಸುಮ್ನೆ ಕಾಫಿ ಕುಡಿಯೋಕೆ ವಾಯುನೌಕೆಯಲ್ಲಿ ಬಂದು ತನ್ನ ಮನೆ ಬಾಗಿಲಲ್ಲೇ ಇಳಿದದ್ದು. ಇವನ್ನೆಲ್ಲ ನಗೆಪಾಟಲು ಮಾಡಿದ್ದೀರಿ. ನನಗೆ ಹಾಗೆ ಕಾಣಲಿಲ್ಲ. ಎತ್ತರದಲ್ಲಿ ಕೂತು ಅಭ್ಯಾಸವಾಗಲಿ ಅಂತ ಮೇಜು. ಹಾರಾಟ ಅಂದರೆ ಗಾಡಿ ಕಟ್ಟಿಕೊಂಡು ಸಂತೆಗೆ ಹೋಗುವಷ್ಟು ಸಲೀಸಾಗಬೇಕು ಅಂತ ಆ ಕಾಫಿ. ಕೈಗಡಿಯಾರವೂ ಶೋಕಿಯಲ್ಲ. ಎರಡು ಕೈಯೂ ಯಂತ್ರದ ಮೇಲಿರುವಾಗ ಜೇಬಿನ ಗಡಿಯಾರ ತೆಗೆಯುವುದು ಹೇಗೆ? ಅದಕ್ಕೆ ಗೆಳೆಯ ಲೂಯಿ ಕಾರ್ಟಿಯೆ 1904ರಲ್ಲಿ ಮಾಡಿಕೊಟ್ಟ ಗಡಿಯಾರ ಅದು. ಕಾರಣ ಬರೆದರೆ ಮನುಷ್ಯ ತಾನಾಗಿ ಎದ್ದು ಬರುತ್ತಾನೆ. ನೀವು ಪೂರ್ತಿ ಒಂದು ಪುಟ ಕೊಟ್ಟಿದ್ದೀರಿ, ಎರಡು ಸಾಲು ಸಾಕು.

ದುಡ್ಡು ಎಲ್ಲಿಂದ ಬಂತು ಅಂತ ನೀವು ಕೇಳಿಯೇ ಇಲ್ಲ. 'ಶ್ರೀಮಂತ ಮನೆತನ' ಅಂದರೆ ಏನೂ ಹೇಳಿದಂತಾಗಲಿಲ್ಲ. ಅಪ್ಪ ಹೆನ್ರಿಕ್ ದೊಡ್ಡ ಕಾಫಿ ಪ್ಲಾಂಟರ್, ತೋಟದೊಳಗೇ ರೈಲು ಹಳಿ ಹಾಕಿಸಿದ್ದವರು. ಹುಡುಗ ಕಾಫಿ ಬೀಜ ಬೇರ್ಪಡಿಸುವ ಯಂತ್ರದ ಮುಂದೆ ನಿಂತು, ಹಿಂದೆ ಮುಂದೆ ಅಲ್ಲಾಡುವ ಜರಡಿ ಯಾಕೆ ಪದೇ ಪದೇ ಕೆಡುತ್ತದೆ ಅಂತ ನೋಡುತ್ತಿದ್ದ. ಸುತ್ತುವ ಚಕ್ರವೇ ವಾಸಿ ಅನ್ನಿಸಿದ್ದು ಅಲ್ಲೇ. ಕಾಫಿ ನಾಡು ಪಕ್ಕದಲ್ಲೇ ಇರುವ ನಮ್ಮ ಓದುಗರಿಗೆ ಇದಕ್ಕಿಂತ ರುಚಿಯಾದ ಸಂಗತಿ ಬೇಕೆ? ಜೊತೆಗೆ ಇನ್ನೊಂದನ್ನೂ ಹೇಳಲೇಬೇಕು. ಬ್ರೆಜಿಲ್‌ನಲ್ಲಿ ಗುಲಾಮಗಿರಿ ರದ್ದಾದದ್ದು 1888ರಲ್ಲಿ. ಆಗ ಆತನಿಗೆ 14 ತುಂಬಿತ್ತು. ಆ ದೇಶದ ಕಾಫಿ ಸಿರಿವಂತಿಕೆ ಯಾರ ಬೆವರಿನಿಂದ ಬೆಳೆಯಿತು ಅನ್ನುವುದನ್ನು ಬಿಟ್ಟು ದಾನದ ಮಾತನ್ನಷ್ಟೇ ಆಡಿದರೆ ಲೇಖನ ಕುಂಟುತ್ತದೆ.

'ಜಗತ್ತಿನಲ್ಲಿ ಮೊದಲು ವಿಮಾನ ಹಾರಿಸಿದವರು' ಅಂತ ಬರೆದಿದ್ದೀರಿ. ರೈಟ್ ಸಹೋದರರು ಹಾರಿದ್ದು 1903ರ ಡಿಸೆಂಬರ್ 17. ಈತ ಪ್ಯಾರಿಸಿನ ಬಗಾಟೆಲ್ ಮೈದಾನದಲ್ಲಿ ಜನರೆದುರು 60 ಮೀಟರ್ ಹಾರಿದ್ದು 1906ರ ಅಕ್ಟೋಬರ್ 23. ನಮ್ಮವನೇ ಮೊದಲು ಅಂತ ಬ್ರೆಜಿಲ್‌ನವರು ಹೇಳುತ್ತಾರೆ, ಅವರ ವಾದವನ್ನೂ ಬರೆಯಿರಿ. ತೀರ್ಪು ನೀವು ಕೊಡಬೇಡಿ. ಅದಕ್ಕಿಂತ ಆಮೇಲಿನ ಡೆಮೊಯ್ಸೆಲ್ ಅನ್ನುವ ಪುಟ್ಟ ವಿಮಾನ ಮುಖ್ಯ. ಅದರ ನಕ್ಷೆಯನ್ನು ಪೇಟೆಂಟ್ ಮಾಡಿಸದೆ ಯಾರು ಬೇಕಾದರೂ ಕಟ್ಟಿಕೊಳ್ಳಲಿ ಅಂತ ಬಿಟ್ಟುಕೊಟ್ಟ. ಗಿರವಿ ಬಿಡಿಸಿದ ಕೈಯೇ ಇದನ್ನೂ ಮಾಡಿದ್ದು. ಇವೆರಡನ್ನೂ ಪಕ್ಕ ಪಕ್ಕ ಇಡಿ.

ಸಾವಿನ ವಿಷಯದಲ್ಲಿ 'ವಿಧಿವಶರಾದರು' ಅಂತ ಮರೆಮಾಚಿದ್ದೀರಿ. ವರ್ಷಗಟ್ಟಲೆ ಕಾಯಿಲೆ, ಮನಸ್ಸಿನ ಕುಗ್ಗು. ವಿಮಾನವನ್ನು ಯುದ್ಧಕ್ಕೆ ಬಳಸಬೇಡಿ ಅಂತ 1926ರಲ್ಲಿ ಆಗಿನ ರಾಷ್ಟ್ರಗಳ ಒಕ್ಕೂಟವಾದ ಲೀಗ್ ಆಫ್ ನೇಷನ್ಸ್‌ಗೆ ಮೊರೆಯಿಟ್ಟರೂ ಫಲ ಸಿಗಲಿಲ್ಲ. 1932ರ ಜುಲೈ 23ರಂದು ಬ್ರೆಜಿಲ್‌ನ ಗ್ವಾರುಜಾದಲ್ಲಿ ತಾನೇ ಜೀವ ಕಳೆದುಕೊಂಡ. ಬಣ್ಣ ಹಚ್ಚದೆ ಅಷ್ಟೇ ಹೇಳಿ.

ಪೆನ್ಸಿಲ್ ಗುರುತು ಹಾಕಿದ ಪ್ರತಿಯನ್ನು ಇದರ ಜೊತೆ ಕಳಿಸಿದ್ದೇನೆ. ಆರು ಪುಟ ಮೀರದಂತೆ ಮತ್ತೆ ಬರೆಯಿರಿ. ದಸರಾ ಸಂಚಿಕೆಯಲ್ಲಿ ಜಾಗ ಕಾದಿರಿಸಿದ್ದೇನೆ, ನವರಾತ್ರಿಗೆ ಒಂದು ತಿಂಗಳು ಮೊದಲು ಕೈಸೇರಬೇಕು. ಮೈಸೂರಿಗೆ ಬಂದರೆ ಸಂಜೆ ನಾಲ್ಕರ ಮೇಲೆ ಆಫೀಸಿನಲ್ಲೇ ಇರುತ್ತೇನೆ. ಕೂತು ಮಾತಾಡೋಣ.