ಕಕ್ಕುವ ಕೂಸು, ನಿದ್ದೆಯಿಲ್ಲದ ಬಾಣಂತಿ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಊರು, ವಯಸ್ಸು ಮತ್ತು ಕೆಲವು ವಿವರಗಳನ್ನು ಬದಲಿಸಲಾಗಿದೆ.)

ತಾಯಿಗೆ 27 ವರ್ಷ, ಚೊಚ್ಚಲ, ಸಹಜ ಹೆರಿಗೆ. ಬಾಣಂತನಕ್ಕೆ ಮಧ್ಯ ಕರ್ನಾಟಕದ ತವರುಮನೆಯಲ್ಲಿದ್ದರು. ಗಂಡನಿಗೆ ಬೆಂಗಳೂರಿನಲ್ಲಿ ಕೆಲಸ. ಶುಕ್ರವಾರ ರಾತ್ರಿ ಬಂದು ಭಾನುವಾರ ಸಂಜೆ ಹೊರಡುತ್ತಿದ್ದರು. ಹೆಣ್ಣು ಕೂಸಿಗೆ 42 ದಿನ. ಆರನೇ ವಾರದ ಲಸಿಕೆಗೆ ಬಂದಿದ್ದಾಗ ನರ್ಸ್ ತಾಯಿಯ ಮುಖ ನೋಡಿಯೇ ಆಪ್ತಸಲಹೆಗೆ ಕಳಿಸಿದರು. ತಾಯಿ ಕೇಳಿದ್ದು ಇಷ್ಟೇ: "ಇವಳಿಗೆ ಆಸಿಡ್ ರಿಫ್ಲಕ್ಸ್ (ಹೊಟ್ಟೆಯ ಆಮ್ಲ ಅನ್ನನಾಳಕ್ಕೆ ಮೇಲೆ ಬರುವ ತೊಂದರೆ) ಇದೆಯಾ ಮೇಡಂ? ನನ್ನ ಹಾಲು ನಿಲ್ಲಿಸಿ ಡಬ್ಬಿ ಹಾಲು ಕೊಡ್ಲಾ?"

ಉತ್ತರ ಕೊಡುವ ಮೊದಲು ಹಿಂದಿನ 24 ಗಂಟೆಯಲ್ಲಿ ಏನೇನಾಯಿತು ಎಂದು ಗಂಟೆಗಂಟೆಯ ಲೆಕ್ಕ ಬರೆಸಿಕೊಂಡೆವು. ಇಂಥ ಪ್ರಕರಣಗಳಲ್ಲಿ ಅರ್ಧ ರೋಗನಿರ್ಣಯ ಆ ಹಾಳೆಯಲ್ಲೇ ಇರುತ್ತದೆ. ಕೂಸು ದಿನಕ್ಕೆ ಎಂಟು-ಹತ್ತು ಸಲ ಕಕ್ಕುತ್ತಿತ್ತು. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಮುಕ್ಕಾಲು ಗಂಟೆಗೊಮ್ಮೆ ತಿಣುಕುತ್ತಿತ್ತು, ಪ್ರತಿ ಸಲವೂ ಎತ್ತಿ ಹಾಲೂಡಿಸುತ್ತಿದ್ದರು. ಮಲಗಿಸುತ್ತಿದ್ದುದು ದಿಂಬಿನ ಮೇಲೆ ಅಥವಾ ಸೀರೆಯ ಜೋಳಿಗೆಯಲ್ಲಿ. ಗ್ರೈಪ್ ವಾಟರ್ ದಿನಕ್ಕೆ ಮೂರು ಸಲ, ಸಂಜೆ ಬಜೆ ತೇಯ್ದು ನೆಕ್ಕಿಸುವುದು, ಇದರ ಜೊತೆಗೆ ಪಕ್ಕದ ಮನೆಯವರು ಹೇಳಿದರೆಂದು ಮೆಡಿಕಲ್ ಶಾಪಿನಿಂದ ತಂದ, ವಾಂತಿ ತಡೆಯಲು ಕೊಡುವ ಡಾಂಪೆರಿಡೋನ್ ಹನಿ. ತಾಯಿಗೆ ಒಟ್ಟು ನಿದ್ದೆ ಮೂರು ಗಂಟೆ, ಅದೂ ತುಂಡು ತುಂಡು. ಎರಡು ಸಲ ಕೂಸನ್ನು ಎದೆಗವಚಿಕೊಂಡೇ ಕುರ್ಚಿಯಲ್ಲಿ ತೂಕಡಿಸಿದ್ದರು. ಆ ಹಾಳೆಯಲ್ಲಿ ನಮಗೆ ಎಲ್ಲಕ್ಕಿಂತ ಹೆಚ್ಚು ಆತಂಕ ತಂದದ್ದು ಈ ಕೊನೆಯ ಸಾಲು. ಕುರ್ಚಿ-ಸೋಫಾಗಳಲ್ಲಿ ಕೂಸಿನೊಂದಿಗೆ ನಿದ್ದೆಹೋದರೆ ಅದರ ಮೂಗು ಬಾಯಿ ಮುಚ್ಚಿ ಉಸಿರು ಕಟ್ಟುವ ಅಪಾಯ ಹಾಸಿಗೆಗಿಂತ ಬಹಳ ಹೆಚ್ಚು.

ಮೊದಲು ತಕ್ಕಡಿ

ಕಕ್ಕುವುದು ರೋಗವೋ ಅಲ್ಲವೋ ಎಂಬುದಕ್ಕೆ ಕೂಸಿನ ತೂಕಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಹುಟ್ಟಿದಾಗ 2.9 ಕೆ.ಜಿ., ನಾಲ್ಕನೇ ದಿನ 2.7, ಈಗ ಬಟ್ಟೆ ಬಿಚ್ಚಿ ತೂಗಿದಾಗ 4.2. ಅಂದರೆ 38 ದಿನದಲ್ಲಿ ಒಂದೂವರೆ ಕೆ.ಜಿ., ದಿನಕ್ಕೆ ಸುಮಾರು 39 ಗ್ರಾಂ. ಮೊದಲ ಮೂರು ತಿಂಗಳು ದಿನಕ್ಕೆ 20ರಿಂದ 30 ಗ್ರಾಂ ಏರಿದರೂ ಸಾಕೆನ್ನುತ್ತೇವೆ. ಮೂತ್ರ ದಿನಕ್ಕೆ ಎಂಟು-ಹತ್ತು ಸಲ. ಆರಕ್ಕಿಂತ ಕಡಿಮೆಯಾದರೆ ಮಾತ್ರ ಚಿಂತೆ. ಮಕ್ಕಳ ವೈದ್ಯರು ಅಂದೇ ಪರೀಕ್ಷಿಸಿದರು. ಹೊಟ್ಟೆ ಮೆತ್ತಗಿತ್ತು, ನೆತ್ತಿ ಸಮವಾಗಿತ್ತು, ಜ್ವರವಿರಲಿಲ್ಲ, ಮಲದಲ್ಲಿ ರಕ್ತವಿರಲಿಲ್ಲ. ಇದು ಕಾಯಿಲೆಯಲ್ಲದ ಕಕ್ಕುವಿಕೆ ಎಂದು ಹೇಳಿ ಡಾಂಪೆರಿಡೋನ್ ನಿಲ್ಲಿಸಿದರು. ಆ ಹನಿಯಿಂದ ಕೂಸುಗಳ ಕಕ್ಕುವಿಕೆ ಕಡಿಮೆಯಾಗುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಹೃದಯದ ಬಡಿತದ ಲಯ ತಪ್ಪಿಸುವ ಗುಣ ಮಾತ್ರ ಅದಕ್ಕಿದೆ.

ಅನ್ನನಾಳ ಹೊಟ್ಟೆಯನ್ನು ಸೇರುವಲ್ಲಿರುವ ಸ್ನಾಯುವಿನ ಬಿಗಿ ಎಳೆಗೂಸಿನಲ್ಲಿ ಇನ್ನೂ ಕೂಡಿರುವುದಿಲ್ಲ. ಆಹಾರವೆಲ್ಲ ದ್ರವ, ದಿನವೆಲ್ಲ ಮಲಗಿಯೇ ಇರುವುದು, ಅಂಗೈಯಗಲದ ಹೊಟ್ಟೆ. ಹಾಲು ಮೇಲೆ ಬಾರದಿದ್ದರೇ ಆಶ್ಚರ್ಯ. ಸಾಮಾನ್ಯವಾಗಿ ಎಂಟು ವಾರದೊಳಗೆ ಶುರುವಾಗಿ, ನಾಲ್ಕನೇ ತಿಂಗಳ ಹೊತ್ತಿಗೆ ಹೆಚ್ಚಾಗಿ, ವರ್ಷ ತುಂಬುವಷ್ಟರಲ್ಲಿ ಹತ್ತರಲ್ಲಿ ಒಂಬತ್ತು ಮಕ್ಕಳಲ್ಲಿ ನಿಂತುಹೋಗುತ್ತದೆ. ಆಸಿಡ್ ತಗ್ಗಿಸುವ ಔಷಧಿ ಮೇಲೆ ಬರುವ ಹಾಲಿನ ಪ್ರಮಾಣವನ್ನು ತಗ್ಗಿಸುವುದಿಲ್ಲ. ಹೊಟ್ಟೆಯ ಆಮ್ಲ ರೋಗಾಣುಗಳನ್ನು ತಡೆಯುವ ಕೆಲಸವನ್ನೂ ಮಾಡುತ್ತದೆ, ಹಾಗಾಗಿ ಕಾರಣವಿಲ್ಲದೆ ಅದನ್ನು ಇಳಿಸಿದರೆ ಸೋಂಕಿನ ಭಯವೇ ಹೆಚ್ಚು.

"ಕುಡಿದದ್ದೆಲ್ಲ ಕಕ್ಕಿಬಿಡ್ತಾಳೆ" ಎಂಬ ತಾಯಿಯ ಮಾತಿಗೆ ವಾದ ಮಾಡಲಿಲ್ಲ. 10 ಮಿ.ಲೀ. ಹಾಲನ್ನು ಅಳತೆ ಮುಚ್ಚಳದಿಂದ ಹಳೆಯ ಪಂಚೆಯ ಮೇಲೆ ಸುರಿದು ತೋರಿಸಿದೆವು. ಅಷ್ಟು ಹಾಲು ಎಷ್ಟಗಲ ಹರಡುತ್ತದೆಂದು ಕಣ್ಣಾರೆ ಕಂಡ ಮೇಲೆ ಅಜ್ಜಿಯೇ ಮಗಳಿಗೆ ಹೇಳಿದರು, "ನೋಡವ್ವ, ದಿನಾ ಇಷ್ಟೇ ಬರೋದು."

ಹಾಲು ಕಡಿಮೆಯಲ್ಲ, ರಭಸ ಹೆಚ್ಚು

ಎದುರಿಗೆ ಕೂತು ಒಂದು ಸಲ ಹಾಲೂಡಿಸುವುದನ್ನು ನೋಡಿದಾಗ ವಿಷಯ ತಿಳಿಯಿತು. ಬಾಯಿ ಹಚ್ಚಿದ ಒಂದು ನಿಮಿಷಕ್ಕೆ ಕೂಸು ಕೆಮ್ಮಿ, ನೆತ್ತಿಗೇರಿಸಿಕೊಂಡು ಎದೆ ಬಿಟ್ಟು ಒದ್ದಾಡಿತು. ಇನ್ನೊಂದು ಎದೆಯಿಂದ ಹಾಲು ತಾನಾಗಿ ಸೋರುತ್ತಿತ್ತು. ಮಲ ಹಸಿರು, ನೊರೆ ನೊರೆ. ಹಾಲು ಇಳಿಯುವ ರಭಸ ತಡೆಯಲಾಗದೆ ಕೂಸು ಗಾಳಿ ನುಂಗುತ್ತದೆ, ಆ ಗಾಳಿ ಮೇಲೆ ಬರುವಾಗ ಹಾಲನ್ನೂ ತರುತ್ತದೆ. "ಎರಡೂ ಕಡೆ ಹತ್ತತ್ತು ನಿಮಿಷ ಕುಡಿಸು" ಎಂದು ಯಾರೋ ಹೇಳಿದ್ದನ್ನು ಗಡಿಯಾರ ನೋಡಿ ಪಾಲಿಸುತ್ತಿದ್ದರು. ಕೂಸಿಗೆ ಎರಡೂ ಕಡೆಯ ಮುಂಗಡ ಹಾಲೇ, ಅಂದರೆ ಕುಡಿಯಲು ಶುರುಮಾಡಿದಾಗ ಮೊದಲು ಬರುವ ಹಾಲೇ ಸಿಗುತ್ತಿತ್ತು. ಅದರಲ್ಲಿ ಕೊಬ್ಬು ಕಡಿಮೆ. ಹೊಟ್ಟೆ ಬೇಗ ತುಂಬುತ್ತದೆ, ಬೇಗ ಖಾಲಿಯಾಗುತ್ತದೆ.

ಸಲಹೆ ಹೀಗಿತ್ತು. ತಾಯಿ ಗೋಡೆಗೆ ದಿಂಬಿಟ್ಟು ಹಿಂದಕ್ಕೆ ಒರಗಿ ಕೂರಬೇಕು, ಕೂಸನ್ನು ಎದೆಯ ಮೇಲೆ ಬೋರಲಾಗಿ ಮಲಗಿಸಿಕೊಂಡು ಕುಡಿಸಬೇಕು. ಆಗ ಹಾಲು ಮೇಲ್ಮುಖವಾಗಿ ಬರಬೇಕಾಗಿ ರಭಸ ತಗ್ಗುತ್ತದೆ. ಹಾಲು ಚಿಮ್ಮಲು ಶುರುವಾದಾಗ ಕೂಸನ್ನು ಅರ್ಧ ನಿಮಿಷ ಬಿಡಿಸಿ, ಮೊದಲ ಧಾರೆಯನ್ನು ಬಟ್ಟೆಗೆ ಬಿಟ್ಟು ಮತ್ತೆ ಹಚ್ಚಬೇಕು. ಒಂದು ಹೊತ್ತಿಗೆ ಒಂದೇ ಕಡೆ, ಕೂಸು ತಾನಾಗಿ ಬಿಡುವವರೆಗೆ. ನಡುವೆ ಒಮ್ಮೆ, ಕೊನೆಗೊಮ್ಮೆ ತೇಗಿಸಬೇಕು. ಐದು ನಿಮಿಷದಲ್ಲಿ ತೇಗು ಬರದಿದ್ದರೆ ಬೆನ್ನು ತಟ್ಟುತ್ತಾ ಅರ್ಧ ಗಂಟೆ ಕೂರುವುದು ಬೇಡ. ಹಗಲಲ್ಲಿ ಕುಡಿದ ಮೇಲೆ 20 ನಿಮಿಷ ಹೆಗಲ ಮೇಲೆ ನೆಟ್ಟಗೆ ಹಿಡಿದರೆ ಒಳ್ಳೆಯದು, ರಾತ್ರಿ ಹತ್ತು ನಿಮಿಷ ಸಾಕು. ಹಾಲು ಕುಡಿದ ಕೂಡಲೇ ಎಣ್ಣೆ ತಿಕ್ಕಿ ನೀರೆರೆಯಬಾರದು. ಈ ಮನೆಯಲ್ಲಿ ದಿನದ ಅತಿ ದೊಡ್ಡ ಕಕ್ಕು ಸ್ನಾನದ ಹೊತ್ತಿನದೇ ಆಗಿತ್ತು. ಕುಡಿಸಿ ಒಂದು ಗಂಟೆ ಕಳೆಯಲಿ, ಇಲ್ಲವೇ ಸ್ನಾನ ಮುಗಿಸಿಯೇ ಕುಡಿಸಲಿ. ಸೊಂಟದ ಲಂಗೋಟಿ ಎರಡು ಬೆರಳು ಹೋಗುವಷ್ಟು ಸಡಿಲವಿರಲಿ.

ಗ್ರೈಪ್ ವಾಟರ್ ಮತ್ತು ಬಜೆ ಎರಡನ್ನೂ ಬಿಡಲು ಹೇಳಿದೆವು. ಮೊದಲನೆಯದು ಪುಟ್ಟ ಹೊಟ್ಟೆಯಲ್ಲಿ ಹಾಲಿನ ಜಾಗ ತಿನ್ನುತ್ತದೆ. ಎರಡನೆಯದು ತುಸು ಹೆಚ್ಚಾದರೂ ತಾನೇ ವಾಂತಿ ತರಿಸುತ್ತದೆ. ಜೇನು ನೆಕ್ಕಿಸುವ ರೂಢಿ ಈ ಮನೆಯಲ್ಲಿರಲಿಲ್ಲ, ಇದ್ದಿದ್ದರೆ ಅದನ್ನೇ ಮೊದಲು ನಿಲ್ಲಿಸುತ್ತಿದ್ದೆವು; ವರ್ಷ ತುಂಬುವವರೆಗೆ ಬಾಟ್ಯುಲಿಸಂನ (ನರಗಳನ್ನು ಸೋಲಿಸುವ ಸೋಂಕು) ಅಪಾಯವಿದೆ. ಮೂರನೇ ತಿಂಗಳಿಗೇ ರಾಗಿ ಸರಿ ಶುರುಮಾಡಿದರೆ ಹೊಟ್ಟೆಯಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ ಎಂಬುದು ಅಜ್ಜಿಯ ಲೆಕ್ಕವಾಗಿತ್ತು. ಆರು ತಿಂಗಳವರೆಗೆ ಎದೆಹಾಲು, ವೈದ್ಯರು ಬರೆದ ವಿಟಮಿನ್ ಡಿ ಹನಿ, ಬೇರೇನೂ ಬೇಡ ಎಂದೆವು. ಡಬ್ಬಿ ಹಾಲಿನ ಪ್ರಶ್ನೆಗೂ ಇಲ್ಲೇ ಉತ್ತರ ಸಿಕ್ಕಿತ್ತು: ದಿನಕ್ಕೆ 39 ಗ್ರಾಂ ಏರಿಸಿದ ಹಾಲನ್ನು ಬದಲಿಸಲು ಕಾರಣವೇ ಇಲ್ಲ.

ರಾತ್ರಿಯ ಕೋಣೆ

ದಿಂಬು ತೆಗೆಸುವುದು ಎಲ್ಲಕ್ಕಿಂತ ಕಷ್ಟವಾಯಿತು. "ಅಂಗಾತ ಮಲಗಿಸಿದರೆ ಕಕ್ಕಿದ್ದು ಉಸಿರಿಗೆ ಸಿಕ್ಕೊಳ್ಳಲ್ವಾ?" ಅಜ್ಜಿಯ ಭಯ ನಿಜವಾದದ್ದು, ಹಾಗಾಗಿ ಚಿತ್ರ ಬರೆದು ವಿವರಿಸಿದೆವು. ಅಂಗಾತ ಮಲಗಿದಾಗ ಶ್ವಾಸನಾಳ ಮೇಲೆ, ಅನ್ನನಾಳ ಕೆಳಗೆ. ಹಾಲು ಉಸಿರಿನ ದಾರಿಗೆ ಹೋಗಬೇಕಾದರೆ ಮೇಲಕ್ಕೆ ಹತ್ತಬೇಕು. ಬೋರಲು ಮಲಗಿಸಿದರೆ ಇದು ತಲೆಕೆಳಗಾಗುತ್ತದೆ. ದಿಂಬಿನ ಮೇಲೆ, ಜೋಳಿಗೆಯೊಳಗೆ ಕೂಸಿನ ಗದ್ದ ಎದೆಗೆ ತಗುಲಿ ಉಸಿರಿನ ದಾರಿ ಮಡಚಿಕೊಳ್ಳುತ್ತದೆ, ಹೊಟ್ಟೆಯೂ ಮಡಚಿ ಹಾಲು ಇನ್ನಷ್ಟು ಮೇಲೆ ಬರುತ್ತದೆ. ಕಕ್ಕುವ ಕೂಸಿಗೂ ನಿಯಮ ಅದೇ: ಅಂಗಾತ, ಸಮತಟ್ಟಾದ ಗಟ್ಟಿ ಹಾಸಿಗೆ, ತಾಯಿಯ ಪಕ್ಕದಲ್ಲೇ ಬೇರೆ ಜಾಗ, ಸುತ್ತ ದಿಂಬು-ಕೌದಿ ಇಲ್ಲ. ಜೋಳಿಗೆ ಹಗಲಲ್ಲಿ ಯಾರಾದರೂ ಎದುರಿಗೆ ಕೂತು ನೋಡುತ್ತಿರುವಾಗ ಮಾತ್ರ. ಸಾಂಬ್ರಾಣಿ ಹೊಗೆ ಕೂಸಿರುವ ಕೋಣೆಯಲ್ಲಿ ಬೇಡವೇ ಬೇಡ.

ಇನ್ನು ತಿಣುಕಾಟ. ಎಳೆಗೂಸಿನ ನಿದ್ದೆಯಲ್ಲಿ ಅರ್ಧ ಭಾಗ ಚಟುವಟಿಕೆಯ ನಿದ್ದೆ. ಮುಖ ಕೆಂಪಾಗಿಸಿ ಮುಲುಗುತ್ತದೆ, ಕೈಕಾಲು ಆಡಿಸುತ್ತದೆ, ಚೀರಿಯೂ ಬಿಡುತ್ತದೆ, ಆದರೂ ಅದು ನಿದ್ದೆಯಲ್ಲೇ ಇರುತ್ತದೆ. ಈ ಮನೆಯಲ್ಲಿ ಪ್ರತಿ ಸದ್ದಿಗೂ ಎತ್ತಿ, ಎಬ್ಬಿಸಿ, ತುಂಬಿದ ಹೊಟ್ಟೆಗೆ ಮತ್ತೆ ಹಾಲು ತುಂಬುತ್ತಿದ್ದರು. ಅದು ಮತ್ತೆ ಕಕ್ಕುತ್ತಿತ್ತು. ಕಣ್ಣು ಬಿಟ್ಟಿದೆಯೇ, ಬಾಯಿ ತಡಕುತ್ತಿದೆಯೇ, ಕೈ ಬಾಯಿಗೆ ಹೋಗುತ್ತಿದೆಯೇ ಎಂದು ಎರಡು ನಿಮಿಷ ನೋಡಿ ಆಮೇಲೆ ಎತ್ತಿ ಎಂದೆವು. ಬಾಣಂತಿ ಕೋಣೆಯ ಬೆಳಕೂ ತಿರುಗುಮುರುಗಾಗಿತ್ತು: ಗಾಳಿ ಸೋಕಬಾರದೆಂದು ಹಗಲೆಲ್ಲ ಕಿಟಕಿ ಮುಚ್ಚಿ ಕತ್ತಲೆ, ರಾತ್ರಿ ಹೆದರಿಕೆಗೆ ಟ್ಯೂಬ್‌ಲೈಟ್. ಹಗಲು ರಾತ್ರಿಯ ಗಡಿಯಾರ ಕೂಸಿನ ದೇಹದಲ್ಲಿ ಕೂಡಿಬರುವುದೇ ಎರಡು-ಮೂರು ತಿಂಗಳಿಗೆ. ಅದಕ್ಕೆ ಬೆಳಕೇ ದಾರಿ ತೋರಿಸುವುದು. ಬೆಳಿಗ್ಗೆ ಏಳಕ್ಕೆ ಕಿಟಕಿ ತೆರೆಯಬೇಕು, ರಾತ್ರಿ ಎಂಟರ ನಂತರ ಝೀರೋ ಬಲ್ಬ್, ಮಾತು ಕಡಿಮೆ.

ತಾಯಿಗೆ ನಾಲ್ಕು ಗಂಟೆ

ಹೆರಿಗೆಯ ನಂತರದ ಖಿನ್ನತೆಯನ್ನು ಗುರುತಿಸುವ ಎಡಿನ್‌ಬರೋ ಪ್ರಶ್ನಾವಳಿಯ ಹತ್ತೂ ಪ್ರಶ್ನೆಗಳನ್ನು ಕನ್ನಡದಲ್ಲೇ ಕೇಳಿದೆವು. 30ಕ್ಕೆ 14 ಬಂತು. 13 ದಾಟಿದರೆ ನಾವು ಹಗುರವಾಗಿ ಬಿಡುವುದಿಲ್ಲ. ತನ್ನನ್ನು ತಾನೇ ನೋಯಿಸಿಕೊಳ್ಳುವ ಯೋಚನೆಯ ಬಗ್ಗೆ ಕೇಳುವ ಹತ್ತನೇ ಪ್ರಶ್ನೆಗೆ ಸೊನ್ನೆ. ಅಲ್ಲಿ ಒಂದು ಬಂದಿದ್ದರೂ ಅಂದೇ ಮನೋವೈದ್ಯರ ಬಳಿ ಕಳಿಸುತ್ತಿದ್ದೆವು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗುವನ್ನು ಒಟ್ಟಿಗೇ ಇರಿಸಿಕೊಂಡು ನೋಡುವ ಘಟಕವಿದೆ ಎಂಬುದನ್ನೂ, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್ ಸಂಖ್ಯೆ 14416ನ್ನೂ ಗಂಡನ ಮೊಬೈಲಿಗೆ ಬರೆಸಿದೆವು, ತಾಯಿಯ ಮೊಬೈಲಿಗಲ್ಲ. ಕುಸಿದವರಿಗೆ ಫೋನ್ ಮಾಡುವಷ್ಟು ತ್ರಾಣ ಇರುವುದಿಲ್ಲ.

ನಿದ್ದೆಯ ಏರ್ಪಾಡು: ರಾತ್ರಿ ಒಂಬತ್ತಕ್ಕೆ ಕುಡಿಸಿ ತಾಯಿ ಬೇರೆ ಕೋಣೆಯಲ್ಲಿ ಮಲಗುವುದು, ನಡುರಾತ್ರಿ ಒಂದರವರೆಗೆ ಕೂಸು ಅಜ್ಜಿಯ ವಶ. ನಡುವೆ ಹಸಿದರೆ ಮೊದಲೇ ಹಿಂಡಿಟ್ಟ ಹಾಲು, 60ರಿಂದ 90 ಮಿ.ಲೀ., ತೊಳೆದು ಕುದಿಸಿದ ಒಳಲೆಯಲ್ಲಿ, ಕೂಸನ್ನು ಕೂರಿಸಿಕೊಂಡು, ಗುಟುಕು ಗುಟುಕಾಗಿ. ಹೊರಗಿಟ್ಟ ಹಾಲು ನಾಲ್ಕು ಗಂಟೆಯೊಳಗೆ ಮುಗಿಯಬೇಕು, ಸೆಕೆ ಹೆಚ್ಚಿದ್ದರೆ ಫ್ರಿಜ್‌ನಲ್ಲಿಡಬೇಕು. ಶುಕ್ರವಾರ, ಶನಿವಾರ ರಾತ್ರಿ ಈ ಸರದಿ ಗಂಡನದು. "ಅಮ್ಮಾ, ಮಗಳಿಗೆ ನಿದ್ದೆ ಕೊಡೋದೇ ಈಗ ನೀವು ಮಾಡೋ ದೊಡ್ಡ ಬಾಣಂತನ" ಎಂದಾಗ ಅಜ್ಜಿ ತಕ್ಷಣ ಒಪ್ಪಿದರು.

ಮೊದಲ ಮೂರು ರಾತ್ರಿ ಏನೂ ಸುಧಾರಿಸಲಿಲ್ಲ. ಹತ್ತನೇ ದಿನಕ್ಕೆ ಹೊಸ ತೊಡಕು: ಒಂದೇ ಕಡೆ ಕುಡಿಸಿ ಎಂದದ್ದನ್ನು ತಾಯಿ ಸತತ ಮೂರು ಹೊತ್ತು ಒಂದೇ ಕಡೆ ಎಂದು ವಿಸ್ತರಿಸಿದ್ದರಿಂದ ಎಡಗಡೆ ಎದೆ ಕಟ್ಟಿಕೊಂಡು ಗಂಟಾಯಿತು. ಆ ಕಡೆಯಿಂದಲೇ ಮೊದಲು ಕುಡಿಸಿ, ಹಾಯೆನಿಸುವಷ್ಟು ಮಾತ್ರ ಹಿಂಡಿ, ತಣ್ಣೀರ ಬಟ್ಟೆ ಇಡಿ; ಜ್ವರ ಬಂದರೆ ಅಥವಾ ಚರ್ಮ ಕೆಂಪಾದರೆ ಅದೇ ದಿನ ವೈದ್ಯರಿಗೆ ತೋರಿಸಿ ಎಂದೆವು. ಎರಡು ದಿನಕ್ಕೆ ಇಳಿಯಿತು. ಸಂಜೆ ಆರರಿಂದ ಎಂಟರ ಅಳು ಮಾತ್ರ ಹಾಗೇ ಉಳಿಯಿತು. ಆರನೇ ವಾರದ ಸುತ್ತ ಏರಿ ಮೂರು-ನಾಲ್ಕು ತಿಂಗಳಿಗೆ ತಾನಾಗಿ ಇಳಿಯುವ ಈ ಅಳುವನ್ನು ರಿಫ್ಲಕ್ಸ್ ಲೆಕ್ಕಕ್ಕೆ ಸೇರಿಸಬಾರದು. ಹೆಗಲಿಗೆ ಹಾಕಿ ಮಂದ ಬೆಳಕಿನಲ್ಲಿ ಅಡ್ಡಾಡಬೇಕು. ಸಹನೆ ತೀರಿದರೆ ಕೂಸನ್ನು ಹಾಸಿಗೆಯಲ್ಲಿ ಅಂಗಾತ ಮಲಗಿಸಿ ಐದು ನಿಮಿಷ ಹೊರಗೆ ನಿಲ್ಲಬೇಕು. ಎಂಥ ಸಿಟ್ಟಿನಲ್ಲೂ ಕೂಸನ್ನು ಕುಲುಕಬಾರದು, ಮಿದುಳಲ್ಲಿ ರಕ್ತಸ್ರಾವವಾಗುತ್ತದೆ.

ಮೂರು ವಾರದ ನಂತರ ತೂಕ 4.85 ಕೆ.ಜಿ. ಕೂಸು ಈಗಲೂ ದಿನಕ್ಕೆ ಆರು ಸಲ ಕಕ್ಕುತ್ತದೆ. ರಾತ್ರಿ ಒಂದು ಸಲವಾದರೂ ಮೂರೂವರೆ ಗಂಟೆ ಒಂದೇ ಸಮ ಮಲಗುತ್ತದೆ, ತಾಯಿಯ ಅಂಕ 8ಕ್ಕೆ ಇಳಿದಿದೆ. ನಾಲ್ಕನೇ ತಿಂಗಳಲ್ಲಿ ಕಕ್ಕುವುದು ಮತ್ತೆ ಹೆಚ್ಚಬಹುದು, ಹೆದರಬೇಡಿ ಎಂದು ಮೊದಲೇ ಹೇಳಿದೆವು. ಹೆದರಬೇಕಾದ್ದನ್ನು ಹಾಳೆಯಲ್ಲಿ ಬರೆದು ತಾಯಿ ಕಾರ್ಡಿಗೆ ಪಿನ್ ಮಾಡಿಕೊಟ್ಟೆವು: ಹಸಿರು ಬಣ್ಣದ ವಾಂತಿ, ವಾಂತಿಯಲ್ಲಿ ಅಥವಾ ಮಲದಲ್ಲಿ ರಕ್ತ, ಪ್ರತಿ ಸಲವೂ ದೂರಕ್ಕೆ ಚಿಮ್ಮುವ ವಾಂತಿ, ಉಬ್ಬಿದ ಹೊಟ್ಟೆ ಅಥವಾ ನೆತ್ತಿ, ಮೂರು ತಿಂಗಳೊಳಗೆ 38 ಡಿಗ್ರಿ ಸೆಲ್ಸಿಯಸ್ (100.4 ಫ್ಯಾರನ್‌ಹೀಟ್) ಮುಟ್ಟಿದ ಜ್ವರ, ಹಾಲು ಬೇಡವೆನ್ನುವುದು, ಎಬ್ಬಿಸಿದರೂ ಏಳದ ಮಂಪರು. ಇವುಗಳಲ್ಲಿ ಒಂದು ಕಂಡರೂ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಮುಂದಿನ ತೂಕ ಹತ್ತನೇ ವಾರದ ಲಸಿಕೆಯ ದಿನ. ಅಲ್ಲಿಯವರೆಗೆ ದಿನಕ್ಕೆ 20 ಗ್ರಾಂಗಿಂತ ಕಡಿಮೆ ಏರಿದ್ದರೆ ಮಕ್ಕಳ ವೈದ್ಯರು ಮತ್ತೆ ಮೊದಲಿನಿಂದ ನೋಡುತ್ತಾರೆ.